ತಲೆಯಲ್ಲಿ ಗಂಟು: ಸಾಧುವೋ ಕ್ಯಾನ್ಸರೋ ಎಂದು ನೋಡುವ ಕ್ರಮ

‘ನೋವೇನಿಲ್ಲ, ಅದಕ್ಕೇ ಸುಮ್ಮನಿದ್ದೆ.’ ತಲೆಯ ಗಂಟು ತೋರಿಸಲು ಬರುವವರು ಸಾಮಾನ್ಯವಾಗಿ ಆಡುವ ಮೊದಲ ಮಾತು ಇದು. ಇದಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಅಳತೆಗೋಲು ಇನ್ನೊಂದಿಲ್ಲ. ನೋಯುವ ಗಂಟು ಹೆಚ್ಚಾಗಿ ಕೀವು ತುಂಬಿದ ಸಾಧು (ಅಂದರೆ ಕ್ಯಾನ್ಸರ್ ಅಲ್ಲದ) ಚೀಲ, ಇಲ್ಲವೇ ಕುರು. ಕ್ಯಾನ್ಸರ್ ಗಡ್ಡೆ ಶುರುವಿನ ತಿಂಗಳುಗಳಲ್ಲಿ ಸಾಮಾನ್ಯವಾಗಿ ಸದ್ದೇ ಮಾಡುವುದಿಲ್ಲ. ಗಾತ್ರವನ್ನೂ ನಂಬುವ ಹಾಗಿಲ್ಲ. ನಿಂಬೆಹಣ್ಣಿನಷ್ಟು ದೊಡ್ಡ ಗಂಟು 20 ವರ್ಷದಿಂದ ಏನೂ ತಂಟೆ ಮಾಡದೆ ಕೂತಿರಬಹುದು. ಕಡಲೆಕಾಳಿನಷ್ಟಿರುವುದು ಆಗಲೇ ಕುತ್ತಿಗೆಯ ಗ್ರಂಥಿಗೆ ಇಳಿದಿರಬಹುದು.

ಕೇಳಬೇಕಾದ ಪ್ರಶ್ನೆಗಳು ಬೇರೆ. ಗಂಟು ಯಾವ ಪದರದಲ್ಲಿದೆ? ಅದರ ಮೇಲಿನ ಚರ್ಮ ಹೇಗಿದೆ? ಎಷ್ಟು ವೇಗವಾಗಿ ಬೆಳೆದಿದೆ? ಯಾರ ತಲೆ? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ‘ಇದು ಇಂಥದ್ದೇ’ ಎಂದು ಎದೆ ತಟ್ಟಿ ಹೇಳಲಾಗದಿದ್ದರೂ, ‘ಇದಕ್ಕೆ ಬಿಡುವಾದಾಗ ಹೋದರಾಯಿತು, ಅದಕ್ಕೆ ಈ ವಾರವೇ ಹೋಗಬೇಕು’ ಎಂದು ವಿಂಗಡಿಸಬಹುದು. ಕೈಯಿಂದ, ಕಣ್ಣಿಂದ ಆಗುವುದು ಅಷ್ಟೇ. ಕೊನೆಯ ತೀರ್ಪು ಬಯಾಪ್ಸಿಯದು, ಅಂದರೆ ಗಂಟಿನ ತುಣುಕು ತೆಗೆದು ಲ್ಯಾಬಿನಲ್ಲಿ ನೋಡುವ ಪರೀಕ್ಷೆಯದು.

ಮೊದಲು ಕಾಣುವ ಹಾಗೆ ಮಾಡಿಕೊಳ್ಳಿ

ಮುಖದ ಮೇಲೆ ಒಂದು ಮಚ್ಚೆ ಎದ್ದರೆ ಮಾರನೇ ದಿನವೇ ಗೊತ್ತಾಗುತ್ತದೆ. ತಲೆಯದ್ದು ಕೂದಲ ಮರೆಯಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ನೆತ್ತಿಯನ್ನು ತಾವೇ ನೋಡಿಕೊಳ್ಳಲು ಆಗುವುದೂ ಇಲ್ಲ, ಇನ್ನೊಬ್ಬರು ಬೇಕು. ಎಷ್ಟೋ ಸಲ ಮೊದಲು ಕಾಣುವುದು ಕ್ಷೌರದವನಿಗೆ. ಅವನು ‘ಹಿಂದೆ ಏನೋ ಇದೆ ಸಾರ್’ ಅಂದರೆ ಅದನ್ನು ಕಡೆಗಣಿಸಬೇಡಿ.

ಹಿಂದಿನ ದಿನ ತಲೆ ತೊಳೆದು, ಎಣ್ಣೆ ಹಚ್ಚದೆ ಬಿಡಿ. ಎಣ್ಣೆ ಮೆತ್ತಿದ ತಲೆಯಲ್ಲಿ ಹೊಟ್ಟು, ಹಕ್ಕಳೆ, ಒರಟು ಚರ್ಮ ಎಲ್ಲವೂ ನುಣ್ಣಗೆ ಕಾಣುತ್ತವೆ. ಹಗಲು ಕಿಟಕಿಯ ಪಕ್ಕ ಕುಳ್ಳಿರಿಸಿ, ಬಾಚಣಿಗೆಯ ಬಾಲದಿಂದ ಮುಂಗೂದಲಿನಿಂದ ಹಿಂದಲೆಯವರೆಗೆ ಬೈತಲೆ ತೆಗೆಯಿರಿ. ಒಂದೂವರೆ ಸೆಂಟಿಮೀಟರ್ ಬಿಟ್ಟು ಮುಂದಿನದು. ಕಿವಿಯ ಹಿಂದಿನ ಮಡಿಕೆಯನ್ನು ಜನ ಮರೆಯುತ್ತಾರೆ, ಅದನ್ನೂ ನೋಡಿ. ಮೊಬೈಲಿನ ಟಾರ್ಚನ್ನು ಮೇಲಿನಿಂದ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಸಣ್ಣ ಉಬ್ಬಿಗೂ ನೆರಳು ಬೀಳುತ್ತದೆ.

ಹಕ್ಕಳೆ ಕಟ್ಟಿದ್ದರೆ ಅದನ್ನು ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಅದರ ಮೇಲಿಟ್ಟು, ಮೆತ್ತಗಾದ ಮೇಲೆ ಹಗುರವಾಗಿ ಒರೆಸಿ. ಅಡಿಯಲ್ಲಿ ನಯವಾದ ಚರ್ಮವಿದೆಯೋ, ಹಸಿ ಹುಣ್ಣಿದೆಯೋ, ಗಟ್ಟಿ ದಿಣ್ಣೆಯಿದೆಯೋ ಎಂಬುದೇ ಮುಖ್ಯ. ಹೊಟ್ಟಿನ ಶಾಂಪೂ ಹಾಕುತ್ತಾ ಎಂಟು ತಿಂಗಳು ಕಳೆದ ಮೇಲೆ ಹಕ್ಕಳೆಯಡಿ ಕ್ಯಾನ್ಸರ್ ಹುಣ್ಣು ಸಿಗುವುದು ಈ ಒಂದು ಹೆಜ್ಜೆ ತಪ್ಪಿದ್ದರಿಂದ.

ಒಂದು ಫೋಟೊ ತೆಗೆದಿಡಿ, ಪಕ್ಕದಲ್ಲಿ ಶಾಲೆಯ ಸ್ಕೇಲ್ ಇಟ್ಟು. ನಾಣ್ಯ ಇಟ್ಟು ತೆಗೆಯುವವರಿದ್ದಾರೆ, ಆದರೆ ಹಳೆಯ ಒಂದು ರೂಪಾಯಿ ನಾಣ್ಯ 25 ಮಿ.ಮೀ., 2011ರ ಸರಣಿಯದು ಸುಮಾರು 22 ಮಿ.ಮೀ.; ಯಾವುದನ್ನು ಇಟ್ಟಿದ್ದೆ ಎಂದು ಆಮೇಲೆ ನೆನಪಿರುವುದಿಲ್ಲ. ನಾಲ್ಕು ವಾರ ಬಿಟ್ಟು ಅದೇ ದೂರದಿಂದ, ಅದೇ ಬೆಳಕಿನಲ್ಲಿ ಇನ್ನೊಂದು ತೆಗೆದರೆ ‘ಬೆಳೆದ ಹಾಗಿದೆ’ ಎಂಬ ಅನುಮಾನಕ್ಕೆ ಲೆಕ್ಕ ಸಿಗುತ್ತದೆ. ಆದರೆ ಗಂಟಿನಿಂದ ರಕ್ತ ಬರುತ್ತಿದ್ದರೆ ಫೋಟೊಗಾಗಿ ನಾಲ್ಕು ವಾರ ಕಾಯಬಾರದು.

ಬೆರಳು ಹೇಳುವ ಮಾತು

ತಲೆಯ ಹೊದಿಕೆಗೆ ಐದು ಪದರ. ಮೇಲೆ ಚರ್ಮ, ಅದರಡಿ ಕೊಬ್ಬು ಮತ್ತು ರಕ್ತನಾಳಗಳು ಬಿಗಿಯಾಗಿ ಹೆಣೆದುಕೊಂಡ ಪದರ, ಆಮೇಲೆ ಗೇಲಿಯ ಎಂಬ ಗಟ್ಟಿ ನಾರಿನ ಹಾಳೆ. ಈ ಮೂರೂ ಒಂದಕ್ಕೊಂದು ಅಂಟಿಕೊಂಡು ಒಂದೇ ಕಂಬಳಿಯ ಹಾಗೆ ಓಡಾಡುತ್ತವೆ. ಅವುಗಳ ಕೆಳಗೆ ಒಂದು ಸಡಿಲ ಪದರ, ಕಂಬಳಿ ಜಾರುವುದು ಅದರ ಮೇಲೆ. ಕೊನೆಯದು ಬುರುಡೆ ಮೂಳೆಗೆ ಅಂಟಿದ ಪೊರೆ. ಅಂಗೈಯನ್ನು ನೆತ್ತಿಯ ಮೇಲಿಟ್ಟು ಹಿಂದಕ್ಕೂ ಮುಂದಕ್ಕೂ ದೂಡಿದರೆ ಈ ಜಾರುವಿಕೆ ನಿಮಗೇ ತಿಳಿಯುತ್ತದೆ. ಗಂಟು ಎಲ್ಲಿದೆ ಎಂಬುದನ್ನು ಪತ್ತೆ ಹಚ್ಚುವುದು ಇದನ್ನೇ ಬಳಸಿ.

ಮೊದಲು ಗಂಟಿನ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಲು ನೋಡಿ. ಸಲೀಸಾಗಿ ಎದ್ದು ಗಂಟು ಕೆಳಗೇ ಉಳಿದರೆ ಅದು ಚರ್ಮದ್ದಲ್ಲ, ಕೊಬ್ಬಿನ ಗಡ್ಡೆಯೋ ಮೂಳೆಯದೋ ಇರಬೇಕು. ಚರ್ಮ ಒಂದೇ ಚುಕ್ಕೆಯಲ್ಲಿ ಹಿಡಿದುಕೊಂಡು ಸುತ್ತ ಬಿಡಿಯಾಗಿದ್ದರೆ ಚೀಲಗಂಟು. ಎಲ್ಲ ಕಡೆ ಚರ್ಮವೇ ಗಡ್ಡೆಯಾಗಿದ್ದರೆ, ಅಂದರೆ ಚಿವುಟಿದಾಗ ಬೆರಳಿಗೆ ಸಿಗುವುದೇ ಗಡ್ಡೆಯಾಗಿದ್ದರೆ, ಅದು ಚರ್ಮದಿಂದಲೇ ಹುಟ್ಟಿದ್ದು. ಮಚ್ಚೆ, ನರುಳಿಯಂಥ ಸಾಧುಗಳೂ ಇಲ್ಲಿವೆ, ಚರ್ಮದ ಕ್ಯಾನ್ಸರ್‌ಗಳೂ ಇಲ್ಲಿವೆ.

ಎರಡನೆಯದು, ಕಂಬಳಿಯನ್ನು ಜಾರಿಸಿ. ಗಂಟು ಕಂಬಳಿಯ ಜೊತೆಗೇ ಹೋದರೆ ಅದು ಮೇಲಿನ ಮೂರು ಪದರದಲ್ಲಿದೆ. ಕಂಬಳಿ ಜಾರುತ್ತದೆ, ಗಂಟು ಮಾತ್ರ ಕಲ್ಲಿನಂತೆ ನಿಂತಲ್ಲೇ ಇರುತ್ತದೆ, ಮೇಲಿನ ಚರ್ಮ, ಕೂದಲು ಎರಡೂ ಸರಿಯಾಗಿವೆ ಎಂದಾದರೆ ಮೂಳೆಯ ಉಬ್ಬು. ಹಣೆಯ ಮೇಲೆ, ನೆತ್ತಿಯ ಮುಂಭಾಗದಲ್ಲಿ ಇದನ್ನು ಆಗಾಗ ನೋಡುತ್ತೇವೆ, ಹೆಸರು ಆಸ್ಟಿಯೋಮ. ಎಚ್ಚರಿಕೆ ಇರಬೇಕಾದದ್ದು ಮೂರನೆಯ ಬಗೆಗೆ: ಗಂಟಿರುವ ಜಾಗದಲ್ಲಿ ಕಂಬಳಿಯೇ ಜಾರುವುದಿಲ್ಲ, ಚರ್ಮದಿಂದ ಮೂಳೆಯವರೆಗೆ ಮೊಳೆ ಹೊಡೆದ ಹಾಗಿದೆ. ಚರ್ಮದಲ್ಲಿ ಹುಟ್ಟಿದ್ದು ಸಡಿಲ ಪದರವನ್ನು ದಾಟಿ ಕೆಳಕ್ಕಿಳಿದಿದೆ ಎಂದರ್ಥ. ಸಾಧು ಗಡ್ಡೆಗಳು ಪದರ ದಾಟುವುದಿಲ್ಲ, ಹಳೆಯ ಕೀವಿನ ಕಲೆ ಅಂಟಿಸಿದ್ದರೆ ಮಾತ್ರ ಹೀಗಾದೀತು.

ಮೂರನೆಯದು, ಬೆರಳನ್ನು ಒತ್ತದೆ ಸುಮ್ಮನೆ ಗಂಟಿನ ಮೇಲಿಟ್ಟು ಹತ್ತು ಎಣಿಸಿ. ನಾಡಿಯ ಹಾಗೆ ಬಡಿದರೆ ಅಲ್ಲಿಗೇ ನಿಲ್ಲಿಸಿ. ಹಿಂಡುವುದಿಲ್ಲ, ಸೂಜಿ ಹಾಕಿಸುವುದಿಲ್ಲ. ಕಣತಲೆಯ (ಕಣ್ಣು-ಕಿವಿಯ ನಡುವಿನ ಜಾಗದ) ಹತ್ತಿರ ಪೆಟ್ಟು ಬಿದ್ದು ಕೆಲವು ವಾರದ ಮೇಲೆ ಎದ್ದ ಮಿಡಿಯುವ ಗಂಟು ರಕ್ತನಾಳದ ಉಬ್ಬಾಗಿರಬಹುದು. ಪೆಟ್ಟೇ ಬೀಳದೆ ಮಧ್ಯವಯಸ್ಸಿನವರ ಬುರುಡೆಯಲ್ಲಿ ಮಿಡಿದರೆ ಥೈರಾಯ್ಡ್ ಅಥವಾ ಮೂತ್ರಪಿಂಡದ ಕ್ಯಾನ್ಸರ್ ಮೂಳೆಗೆ ಹರಡಿದ್ದೂ ಇರಬಹುದು.

ಕೊನೆಗೆ ಕುತ್ತಿಗೆ. ತಲೆಯ ಮುಂಭಾಗ, ಪಕ್ಕದ ದುಗ್ಧರಸ (ಲಿಂಫ್ ದ್ರವ) ಕಿವಿಯ ಮುಂದಿನ ಗ್ರಂಥಿಗಳಿಗೂ ದವಡೆಯ ಮೂಲೆಗೂ ಇಳಿಯುತ್ತದೆ. ಹಿಂಭಾಗದ್ದು ಕಿವಿಯ ಹಿಂದೆ, ಹಿಂದಲೆಯ ಬುಡ, ಕುತ್ತಿಗೆಯ ಹಿಂಭಾಗಕ್ಕೆ. ಹೇನು, ಹೊಟ್ಟು, ಕೆರೆದ ಗಾಯ ಇದ್ದವರಿಗೆ ಇಲ್ಲೆಲ್ಲ ಬಟಾಣಿಯಷ್ಟು ಮೆತ್ತನೆಯ, ಓಡಾಡುವ ಗ್ರಂಥಿ ಸಿಗುವುದು ಮಾಮೂಲು. ಒಂದು ಸೆಂಟಿಮೀಟರಿಗಿಂತ ದೊಡ್ಡದು, ಗಟ್ಟಿ, ನೋವಿಲ್ಲ, ಅಲುಗಾಡದು ಅಂದರೆ ಮಾಮೂಲಲ್ಲ.

ಸಾಧುಗಳು

ತಲೆಯಲ್ಲಿ ಸಿಗುವ ಗಂಟುಗಳ ರಾಜ ಪೈಲಾರ್ ಸಿಸ್ಟ್. ಕೂದಲಿನ ಬುಡದ ಹೊರಪದರದಿಂದ ಹುಟ್ಟುವ ಚೀಲ, ಒಳಗೆ ಕೆರಟಿನ್ ಎಂಬ ಬಿಳಿ ಹೂರಣ. ಈ ಜಾತಿಯ ಹತ್ತರಲ್ಲಿ ಒಂಬತ್ತು ಗಂಟು ತಲೆಯಲ್ಲೇ ಇರುತ್ತವೆ. ಹೆಂಗಸರಲ್ಲಿ ಹೆಚ್ಚು. ಒಬ್ಬರ ತಲೆಯಲ್ಲಿ ಮೂರು ನಾಲ್ಕು ಇರುವುದು ಸಾಮಾನ್ಯ, ‘ನಮ್ಮ ಅಮ್ಮನಿಗೂ ಇತ್ತು, ದೊಡ್ಡಮ್ಮನಿಗೂ ಇದೆ’ ಎಂಬ ಮಾತೂ ಸಾಮಾನ್ಯ. ವಂಶದಲ್ಲಿ ಇಳಿದು ಬರುವ ಗುಣ ಇದಕ್ಕಿದೆ. ಮುಟ್ಟಿದರೆ ಅಡಿಕೆಯಂತೆ ಗುಂಡಗೆ, ಗಟ್ಟಿಯಾಗಿ, ನುಣ್ಣಗೆ. ಮೇಲಿನ ಚರ್ಮ ಹಿಗ್ಗಿ ಹೊಳೆಯುತ್ತಿರಬಹುದು, ಅಲ್ಲಿ ಕೂದಲು ತೆಳುವಾಗಿರಬಹುದು, ಆದರೆ ಚರ್ಮ ಒಡೆದಿರುವುದಿಲ್ಲ. ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆದೀತು. ಶಸ್ತ್ರಚಿಕಿತ್ಸೆಯಲ್ಲಿ ಚರ್ಮವನ್ನು ಸಣ್ಣದಾಗಿ ಸೀಳಿ ಪಕ್ಕದಿಂದ ಒತ್ತಿದರೆ ಚೀಲ ಒಡೆಯದೆ ಗೋಲಿಯ ಹಾಗೆ ಹೊರಕ್ಕೆ ಜಾರುತ್ತದೆ. ಹಾಗೆ ಇಡಿಯಾಗಿ ಬಂದರೆ ಮತ್ತೆ ಬರುವುದಿಲ್ಲ. ಒಡೆದು ಹೂರಣ ಮಾತ್ರ ತೆಗೆದು ಗೋಡೆ ಒಳಗೇ ಉಳಿದರೆ ತಿಂಗಳುಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಮನೆಯಲ್ಲಿ ಹಿಂಡುವುದರಿಂದ ಆಗುವುದೂ ಇದೇ, ಜೊತೆಗೆ ಕೀವು.

ಇದರ ಅಣ್ಣತಮ್ಮ ಎಪಿಡರ್ಮಾಯ್ಡ್ ಸಿಸ್ಟ್ ತಲೆಗಿಂತ ಮುಖ, ಬೆನ್ನಿನಲ್ಲಿ ಹೆಚ್ಚು. ನಡುವೆ ಒಂದು ಕರಿಚುಕ್ಕೆ, ಅದರಿಂದ ಬರುವ ಹೂರಣಕ್ಕೆ ಕೆಟ್ಟ ವಾಸನೆ. ಪೈಲಾರ್‌ನಲ್ಲಿ ಆ ಚುಕ್ಕೆ ಇರುವುದಿಲ್ಲ.

ಕೊಬ್ಬಿನ ಗಡ್ಡೆ ಅಂದರೆ ಲೈಪೋಮ ಮೈಯಲ್ಲಿ ಮೆತ್ತಗೆ ಬೆರಳಡಿ ಜಾರುತ್ತದೆ. ಹಣೆಯ ಲೈಪೋಮ ಮಾತ್ರ ಸ್ವಲ್ಪ ಮೋಸಗಾರ. ಸ್ನಾಯುವಿನ ಅಡಿಯಲ್ಲಿ ಹುದುಗಿರುವುದರಿಂದ ಬಿಗಿಯಾಗಿ, ಅಂಟಿಕೊಂಡ ಹಾಗೆ ತೋರುತ್ತದೆ. ಹುಬ್ಬು ಮೇಲೆತ್ತಲು ಹೇಳಿ. ಸ್ನಾಯು ಬಿಗಿದಾಗ ಗಂಟು ಇನ್ನೂ ಗಟ್ಟಿಯಾಗಿ ಆಡದಾದರೆ ಅದು ಸ್ನಾಯುವಿನಡಿಯದು. ಮೂಳೆಯ ಉಬ್ಬಿನಲ್ಲಿ ಈ ವ್ಯತ್ಯಾಸ ಸಿಗದು. ಅನುಮಾನ ಉಳಿದರೆ ಅಲ್ಟ್ರಾಸೌಂಡ್ ಸಾಕು.

ವಯಸ್ಸಾದವರ ತಲೆಯ ಮೇಲಿನ ಕಂದು, ಕಪ್ಪು, ಒರಟು ತೇಪೆ ಸೆಬೋರಿಕ್ ಕೆರಟೋಸಿಸ್. ಮೇಣವನ್ನು ಚರ್ಮದ ಮೇಲೆ ಅಂಟಿಸಿದ ಹಾಗೆ, ಅಂಚನ್ನು ಉಗುರಿನಿಂದ ಎತ್ತಬಹುದೇನೋ ಅನಿಸುತ್ತದೆ. ಚರ್ಮದ ಬಣ್ಣದ, ಮೆತ್ತನೆಯ, ನಡುವಿನಿಂದ ಕೂದಲು ಎದ್ದಿರುವ ಗುಮ್ಮಟ ಮಚ್ಚೆಯ ಗಂಟು. ಬಾಚಣಿಗೆ ತಗಲಿ ರಕ್ತ ಬರುವುದುಂಟು, ಅದೊಂದರಿಂದಲೇ ಹೆದರಬೇಕಿಲ್ಲ. ಬಾಚಣಿಗೆಯೂ ತಗಲದೆ ರಕ್ತ ಬಂದರೆ ವಿಷಯ ಬೇರೆ.

ಹುಟ್ಟಿನಿಂದಲೇ ಇರುವ ಹಳದಿ ಛಾಯೆಯ, ಕೂದಲಿಲ್ಲದ ತೇಪೆಗೆ ನೀವಸ್ ಸೆಬೇಷಿಯಸ್ ಎನ್ನುತ್ತಾರೆ. ಮೈನೆರೆಯುವ ವಯಸ್ಸಿಗೆ ದಪ್ಪಗಾಗಿ ಗಂಟುಗಂಟಾಗುತ್ತದೆ. ಇದು ಕ್ಯಾನ್ಸರ್ ಆಗುತ್ತದೆ ಎಂದು ಹಿಂದೆ ಎಲ್ಲ ಮಕ್ಕಳಿಗೂ ಕತ್ತರಿಸಿ ತೆಗೆಯುತ್ತಿದ್ದರು. ಮುಂದೆ ಅದರಲ್ಲಿ ಹುಟ್ಟುವ ಗಡ್ಡೆಗಳಲ್ಲಿ ಹೆಚ್ಚಿನವು ಸಾಧು ಎಂದು ಆಮೇಲೆ ತಿಳಿಯಿತು. ಈಗ ಕಣ್ಣಿಟ್ಟಿದ್ದು, ದೊಡ್ಡವರಾದ ಮೇಲೆ ಅದರೊಳಗೆ ಹೊಸ ಗಂಟು ಅಥವಾ ಹುಣ್ಣು ಎದ್ದರೆ ತೆಗೆಸುವುದು ರೂಢಿ.

ಮಕ್ಕಳ ತಲೆಯ ಲೆಕ್ಕವೇ ಬೇರೆ

ಮಗುವಿನ ತಲೆಯಲ್ಲಿ ಗಂಟಿದ್ದರೆ ಕ್ಯಾನ್ಸರಿನ ಭಯಕ್ಕಿಂತ ಮೊದಲು ಕೇಳಬೇಕಾದ್ದು: ನಡುಗೆರೆಯ ಮೇಲಿದೆಯೇ? ಮೂಗಿನ ಬುಡದಿಂದ ನೆತ್ತಿ ಹಾದು ಹಿಂದಲೆಯವರೆಗೆ ಒಂದು ಗೆರೆ ಎಳೆದುಕೊಳ್ಳಿ. ಆ ಗೆರೆಯ ಮೇಲಿನ ಗಂಟು ಡರ್ಮಾಯ್ಡ್ (ಹುಟ್ಟುವ ಮೊದಲೇ ಚರ್ಮದ ಚೂರು ಒಳಗೆ ಸಿಕ್ಕಿ ಆದ ಚೀಲ) ಆಗಿದ್ದು, ಸಣ್ಣ ಕಾಲುವೆಯ ಮೂಲಕ ಬುರುಡೆಯೊಳಕ್ಕೆ ಸೇರಿರಬಹುದು. ಅಥವಾ ಮಿದುಳಿನ ಪೊರೆಯೇ ಹೊರಬಂದಿರಬಹುದು. ಅತ್ತಾಗ, ಮಲಗಿದಾಗ ದೊಡ್ಡದಾದರೆ ಒಳಗಿನೊಂದಿಗೆ ಸಂಬಂಧವಿದೆ ಎಂದೇ ತಿಳಿಯಿರಿ. ಎಂಆರ್‌ಐ ಅಥವಾ ಸಿಟಿ ಆಗದೆ ಇಂಥದ್ದಕ್ಕೆ ಸೂಜಿಯೂ ಬೇಡ, ಬ್ಲೇಡೂ ಬೇಡ. ಸೋಂಕು ನೇರವಾಗಿ ಮಿದುಳಿಗೆ ಹೋಗುತ್ತದೆ. ಹುಬ್ಬಿನ ಹೊರತುದಿಯ ಡರ್ಮಾಯ್ಡ್ ಅಷ್ಟು ಅಪಾಯಕಾರಿಯಲ್ಲ.

ಶಾಲೆಗೆ ಹೋಗುವ ಮಗುವಿಗೆ ಒಂದೆರಡು ವಾರದಲ್ಲಿ ಎದ್ದ, ಒತ್ತಿದರೆ ಸ್ಪಂಜಿನಂತಿರುವ, ಹತ್ತು ಕಡೆಯಿಂದ ಕೀವು ಜಿನುಗುವ, ಕೂದಲು ಎಳೆದರೆ ನೋವಿಲ್ಲದೆ ಕೈಗೆ ಬರುವ ಉಬ್ಬು ಗಡ್ಡೆಯಲ್ಲ. ಅದು ಕೀರಿಯಾನ್, ಬೂಷ್ಟಿನ ಸೋಂಕು. ಕುರು ಎಂದು ಕುಯ್ಯಿಸಿದರೆ ಶಾಶ್ವತ ಬೊಕ್ಕ ಉಳಿಯುತ್ತದೆ. ಬೇಕಾದ್ದು ವಾರಗಟ್ಟಲೆ ನುಂಗುವ ಗ್ರಿಸಿಯೋಫಲ್ವಿನ್ ಅಥವಾ ಟರ್ಬಿನಾಫಿನ್. ಎಳೆಗೂಸಿನ ಕೆಂಪು ಹಿಮ್ಯಾಂಜಿಯೋಮ, ಅಂದರೆ ರಕ್ತನಾಳಗಳ ಗಂಟು, ಮೊದಲ ಕೆಲವು ತಿಂಗಳು ಬೇಗ ಬೆಳೆದು ಆಮೇಲೆ ತಾನೇ ಇಳಿಯುತ್ತದೆ. ಹುಣ್ಣಾದರೆ, ತುಂಬಾ ದೊಡ್ಡದಾದರೆ ಪ್ರೊಪ್ರನಲಾಲ್ ಎಂಬ ಔಷಧಿ ಕೊಡುತ್ತಾರೆ.

ಕ್ಯಾನ್ಸರ್‌ಗಳು ಕಾಣುವ ಬಗೆ

ಬೇಸಲ್ ಸೆಲ್ ಕ್ಯಾನ್ಸರ್ ‘ನಿಧಾನವಾಗಿ ಬೆಳೆದರೆ ಸಾಧು’ ಎಂಬ ನಂಬಿಕೆಯನ್ನು ಸುಳ್ಳು ಮಾಡುತ್ತದೆ. ವರ್ಷಗಟ್ಟಲೆ ತೆವಳುತ್ತದೆ. ಒಂದು ಪುಟ್ಟ ಹುಣ್ಣು, ಹಕ್ಕಳೆ ಕಟ್ಟುತ್ತದೆ, ಉದುರುತ್ತದೆ, ಒಂದು ತೊಟ್ಟು ರಕ್ತ, ವಾಸಿಯಾದ ಹಾಗೆ ಕಾಣುತ್ತದೆ, ಮತ್ತೆ ಒಡೆಯುತ್ತದೆ. ಸುತ್ತಲಿನ ಚರ್ಮವನ್ನು ಎರಡು ಬೆರಳಿಂದ ಹಿಗ್ಗಿಸಿ ಹಿಡಿದು ಅಂಚು ನೋಡಿ: ದಾರ ಸುತ್ತಿ ಇಟ್ಟಂತೆ ಸಣ್ಣ ಏರು, ಮುತ್ತಿನ ಹೊಳಪು, ಅದರ ಮೇಲೆ ಕೂದಲೆಳೆಯಂಥ ರಕ್ತನಾಳಗಳು. ಹಿಗ್ಗಿಸದೆ ನೋಡಿದರೆ ಈ ಅಂಚು ತಪ್ಪಿಹೋಗುತ್ತದೆ. ನಮ್ಮ ಕಂದು ಚರ್ಮದಲ್ಲಿ ಇದು ಬಹಳ ಸಲ ಕಪ್ಪಾಗಿ, ನೀಲಿಗಪ್ಪಾಗಿ ಇರುತ್ತದೆ. ಹಾಗಾಗಿ ಮಚ್ಚೆ ಎಂದೋ ಸೆಬೋರಿಕ್ ಕೆರಟೋಸಿಸ್ ಎಂದೋ ಬಿಟ್ಟುಬಿಡುತ್ತಾರೆ. ಮೇಣದ ತೇಪೆ ಒರಟು, ಮಂಕು. ಇದು ನುಣುಪು, ಹೊಳಪು. ದೂರಕ್ಕೆ ಹರಡುವುದು ತೀರಾ ಅಪರೂಪ, ಆದರೆ ಬಿಟ್ಟರೆ ಮೂಳೆಯನ್ನೂ ತಿನ್ನುತ್ತದೆ.

ಸ್ಕ್ವೇಮಸ್ ಸೆಲ್ ಕ್ಯಾನ್ಸರ್ ಒರಟು ಜಾತಿಯದು. ಗಟ್ಟಿ ಬುಡದ, ಮೇಲೆ ಹಕ್ಕಳೆ ಕಟ್ಟಿದ ದಿಣ್ಣೆ, ಅಥವಾ ಅಂಚು ಹೊರಕ್ಕೆ ಮಗುಚಿಕೊಂಡ ಹೂಕೋಸಿನಂಥ ಹುಣ್ಣು. ವಾರ, ತಿಂಗಳ ಲೆಕ್ಕದಲ್ಲಿ ಬೆಳೆಯುತ್ತದೆ, ಗ್ರಂಥಿಗೂ ಇಳಿಯುತ್ತದೆ. ಬೆಳ್ಳನೆಯ ಚರ್ಮದವರಲ್ಲಿ ಇದು ಬಿಸಿಲಿಗೆ ಬೊಕ್ಕತಲೆ ಒಡ್ಡಿದವರ ಕಾಯಿಲೆ. ಮೊದಲು ಉಪ್ಪುಕಾಗದದಂತೆ ಒರಟಾದ ಸಣ್ಣ ತೇಪೆಗಳು ಬರುತ್ತವೆ, ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತವೆ. ನಮ್ಮಲ್ಲಿ ಇದಕ್ಕಿಂತ ಹೆಚ್ಚು ಗಮನ ಕೊಡಬೇಕಾದ್ದು ಹಳೆಯ ಗಾಯದ ಕಲೆಗೆ. ಚಿಕ್ಕಂದಿನಲ್ಲಿ ಬೆಂಕಿಗೋ ಕುದಿನೀರಿಗೋ ಸುಟ್ಟ ತಲೆಯ ಕಲೆ 20, 30 ವರ್ಷ ಸುಮ್ಮನಿದ್ದು, ಒಂದು ದಿನ ಒಡೆದು ಹುಣ್ಣಾಗುತ್ತದೆ. ಮುಲಾಮು ಹಚ್ಚಿದರೂ ಮಾಯುವುದಿಲ್ಲ. ಸುಟ್ಟ ಕಲೆಯಲ್ಲಿ ಎದ್ದ ಹೊಸ ಹುಣ್ಣು, ಬಯಾಪ್ಸಿ ಇಲ್ಲವೆನ್ನುವವರೆಗೆ ಕ್ಯಾನ್ಸರ್ ಎಂದೇ ಹಿಡಿಯಬೇಕು. ಆಲ್ಬಿನಿಸಂ (ಹುಟ್ಟಿನಿಂದಲೇ ಚರ್ಮ, ಕೂದಲಿಗೆ ಬಣ್ಣವಿಲ್ಲದಿರುವುದು) ಇರುವವರು, ಕಿಡ್ನಿ ಕಸಿಯಾಗಿ ಪ್ರತಿರೋಧ ತಗ್ಗಿಸುವ ಮಾತ್ರೆ ನುಂಗುವವರು, ಬಾಲ್ಯದಲ್ಲಿ ತಲೆಗೆ ಎಕ್ಸ್-ರೇ ಚಿಕಿತ್ಸೆ ಆದವರು ಕೂಡ ಈ ಸಾಲಿನಲ್ಲೇ. ತೊನ್ನು ಮತ್ತು ಆಲ್ಬಿನಿಸಂ ಒಂದೇ ಅಲ್ಲ. ತೊನ್ನಿನವರು ಈ ಭಯ ಇಟ್ಟುಕೊಳ್ಳಬೇಕಿಲ್ಲ.

ಮೆಲನೋಮ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್, ನಮ್ಮವರಲ್ಲಿ ಕಡಿಮೆ, ಬಂದರೂ ಅಂಗಾಲಿನಲ್ಲಿ ಹೆಚ್ಚು. ಆದರೆ ತಲೆಯ ಮೆಲನೋಮ ಬೇರೆಡೆಯದಕ್ಕಿಂತ ಕೆಟ್ಟದ್ದು. ತಡವಾಗಿ ಸಿಗುವುದೂ ಅದಕ್ಕೊಂದು ಕಾರಣ. ಎರಡು ಬದಿ ಹೊಂದದ ಆಕಾರ, ಹರಿದ ನಕ್ಷೆಯಂಥ ಅಂಚು, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ, 6 ಮಿ.ಮೀ. ಮೀರಿದ ಅಗಲ, ಬದಲಾಗುತ್ತಿರುವುದು: ಇವು ಹರಡಿಕೊಂಡು ಬೆಳೆಯುವ ಜಾತಿಗೆ ಸರಿ. ಗಂಟಾಗಿ ಮೇಲೇಳುವ ಜಾತಿ ಗುಂಡಗೆ, ಒಂದೇ ಬಣ್ಣದಲ್ಲಿದ್ದು ಈ ಎಲ್ಲ ಗುರುತುಗಳಿಂದ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಬೇರೆ ಮೂರು ಗುರುತು: ಉಬ್ಬಿದೆ, ಗಟ್ಟಿಯಿದೆ, ಒಂದು ತಿಂಗಳಿಗೂ ಮೀರಿ ಬೆಳೆಯುತ್ತಲೇ ಇದೆ. ಬಣ್ಣವೇ ಇಲ್ಲದ ಗುಲಾಬಿ ಮೆಲನೋಮವೂ ಉಂಟು.

ಆ ಗುಲಾಬಿ ಮೆಲನೋಮ ಥೇಟ್ ಪಯೋಜೆನಿಕ್ ಗ್ರಾನ್ಯುಲೋಮದ ಹಾಗೆ ಕಾಣುತ್ತದೆ. ಗ್ರಾನ್ಯುಲೋಮ ಸಾಧು, ಎರಡು ಮೂರು ವಾರದಲ್ಲಿ ಎದ್ದ ಕೆಂಪು ಮಾಂಸದ ಮೊಗ್ಗು, ಮುಟ್ಟಿದರೆ ರಕ್ತ. ಸುಟ್ಟು ತೆಗೆಯುವುದು ಸುಲಭ, ಅಲ್ಲೇ ತಪ್ಪಾಗುವುದೂ. ಪೂರ್ತಿ ಸುಟ್ಟರೆ ಪರೀಕ್ಷೆಗೆ ತುಣುಕೇ ಉಳಿಯುವುದಿಲ್ಲ. ಮೊದಲು ಕತ್ತರಿಸಿ ಬಾಟಲಿಗೆ ಹಾಕಿಸಿ, ಬುಡವನ್ನು ಆಮೇಲೆ ಸುಡಲಿ.

ಗಂಟೇ ಇಲ್ಲದ ಕ್ಯಾನ್ಸರ್ ಒಂದಿದೆ, ರಕ್ತನಾಳದ ಆ್ಯಂಜಿಯೋಸಾರ್ಕೋಮ. 60 ದಾಟಿದವರ, ಹೆಚ್ಚಾಗಿ ಗಂಡಸರ ತಲೆಯ ಮೇಲೆ, ಹಣೆಯ ಮೇಲೆ ಪೆಟ್ಟು ಬಿದ್ದು ಕಂದಿದ ಹಾಗೆ ನೇರಳೆ ಕಲೆ. ಪೆಟ್ಟಿನ ಕಂದು ಎರಡು ಮೂರು ವಾರದಲ್ಲಿ ಹಸಿರಾಗಿ, ಹಳದಿಯಾಗಿ ಮಾಯವಾಗಬೇಕು. ಮಾಯವಾಗದೆ ಹರಡುತ್ತಿದ್ದರೆ, ಮುಖ ಊದಿದ್ದರೆ, ಪೆಟ್ಟು ಬಿದ್ದ ನೆನಪೇ ಇಲ್ಲದಿದ್ದರೆ ತಡ ಮಾಡುವಂತಿಲ್ಲ. ಮರ್ಕೆಲ್ ಸೆಲ್ ಕ್ಯಾನ್ಸರ್ ಕೂಡ ಮುದಿವಯಸ್ಸಿನದೇ: ನೋವಿಲ್ಲದ, ಕೆಂಪು-ನೇರಳೆ, ನುಣುಪಾದ ಗಂಟು, ವಾರದಿಂದ ವಾರಕ್ಕೆ ದೊಡ್ಡದಾಗುತ್ತದೆ. ಚೀಲಗಂಟು ಎಂದು ತಪ್ಪು ತಿಳಿಯುವುದು ಇದನ್ನೇ.

ಇನ್ನು ಬೇರೆಡೆಯಿಂದ ಬಂದವು. ದೇಹದೊಳಗಿನ ಕ್ಯಾನ್ಸರ್ ಚರ್ಮಕ್ಕೆ ಹರಡುವಾಗ ತಲೆಯನ್ನು ಆರಿಸಿಕೊಳ್ಳುವುದು ಹೆಚ್ಚು. ಶ್ವಾಸಕೋಶ, ಸ್ತನ, ಮೂತ್ರಪಿಂಡದ್ದು ಮುಖ್ಯವಾಗಿ. ಕೆಲವೇ ವಾರದಲ್ಲಿ ಒಂದಕ್ಕೆ ಎರಡಾಗುವ ಗಟ್ಟಿ ಗಂಟುಗಳು, ಅಥವಾ ಕೂದಲುದುರಿ ಗಟ್ಟಿಯಾದ ಒಂದು ತೇಪೆ. ಹಿಂದೆ ಯಾವುದಾದರೂ ಕ್ಯಾನ್ಸರಿಗೆ ಚಿಕಿತ್ಸೆ ಆಗಿದ್ದರೆ, ಹತ್ತು ವರ್ಷ ಹಳೆಯದಾದರೂ, ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಪೈಲಾರ್ ಸಿಸ್ಟ್ ಕೂಡ ಸದಾ ಸಾಧುವಾಗಿ ಉಳಿಯುವುದಿಲ್ಲ: ವಯಸ್ಸಾದ ಹೆಂಗಸರಲ್ಲಿ ವರ್ಷಗಳಿಂದ ಇದ್ದ ಗಂಟು ಏಕಾಏಕಿ ಬೆಳೆಯತೊಡಗಿ 5 ಸೆಂ.ಮೀ. ದಾಟಿ, ಮೇಲಿನ ಚರ್ಮ ಒಡೆದರೆ ಅದು ಪ್ರೊಲಿಫರೇಟಿಂಗ್, ಅಂದರೆ ಕೋಶಗಳು ಬೆಳೆದು ಹೆಚ್ಚುವ, ಜಾತಿಗೆ ತಿರುಗಿರಬಹುದು. ಅದರಲ್ಲಿ ಕೆಲವು ಕ್ಯಾನ್ಸರ್.

ಯಾವಾಗ ಹೋಗಬೇಕು

ವರ್ಷಗಳಿಂದ ಅಷ್ಟೇ ಇರುವ, ಮೇಲಿನ ಚರ್ಮ ಸರಿಯಿರುವ, ಆಡುವ ಗಂಟಿಗೆ ಅವಸರವಿಲ್ಲ. ನಾಲ್ಕು ವಾರದಲ್ಲಿ ಮಾಯದ ಹುಣ್ಣು, ಮತ್ತೆ ಮತ್ತೆ ಬರುವ ಹಕ್ಕಳೆ ಇದ್ದರೆ ಮುಂದಿನ ವಾರವೇ ಚರ್ಮವೈದ್ಯರನ್ನು ನೋಡಿ. ತಾನಾಗಿ ರಕ್ತ ಬರುವುದು, ವಾರಗಳಲ್ಲಿ ಎರಡು ಪಟ್ಟು ಬೆಳೆದದ್ದು, ಮೂಳೆಗೆ ಮೊಳೆ ಹೊಡೆದಂತಿರುವುದು, ಕುತ್ತಿಗೆಯ ಗಟ್ಟಿ ಗ್ರಂಥಿ, ಹರಡುವ ನೇರಳೆ ಕಲೆ, ಸುಟ್ಟ ಕಲೆಯ ಹುಣ್ಣು: ಇವಕ್ಕೆ ನಾಳೆಯೇ ಹೋಗಿ. ಗಂಟಿನ ಜೊತೆ ಮುಖ ವಾಲಿದ್ದರೆ, ಆ ಭಾಗದ ಚರ್ಮ ಜೋಮು ಹಿಡಿದಿದ್ದರೆ ಕ್ಯಾನ್ಸರ್ ನರದ ಜಾಡು ಹಿಡಿದಿರಬಹುದು.

ಅಷ್ಟರಲ್ಲಿ ಸುಣ್ಣ-ಬೆಲ್ಲ ಮೆತ್ತಬೇಡಿ. ಸುಣ್ಣ ಚರ್ಮವನ್ನು ಸುಟ್ಟು ಹುಣ್ಣು ಮಾಡುತ್ತದೆ, ಆಮೇಲೆ ಮೂಲದ ಹುಣ್ಣು ಯಾವುದು, ಸುಣ್ಣದ್ದು ಯಾವುದು ತಿಳಿಯದು. ನರುಳಿಗೆ ಕುದುರೆ ಬಾಲದ ಕೂದಲು ಕಟ್ಟುವ ಪದ್ಧತಿಯೂ ಹಾಗೆಯೇ: ಉದುರಿದ ತುಣುಕು ಕಸಕ್ಕೆ, ಬುಡ ತಲೆಯಲ್ಲಿ.

ಬಯಾಪ್ಸಿ ಮಾಡಿಸುವಾಗ

‘ಚಾಕು ತಾಗಿದರೆ ಹರಡುತ್ತದೆ’ ಎಂಬ ಭಯಕ್ಕೆ ಆಧಾರವಿಲ್ಲ. ಚರ್ಮದ ಗಡ್ಡೆಗೆ ಸಾಮಾನ್ಯವಾಗಿ 4 ಮಿ.ಮೀ. ಪಂಚ್ (ದುಂಡು ಬಾಯಿಯ ಪುಟ್ಟ ಬ್ಲೇಡು) ಸಾಕು. ಮರಗಟ್ಟಿಸುವ ಇಂಜೆಕ್ಷನ್, ಕೂದಲು ಬೆಳೆದ ಓರೆಯಲ್ಲೇ ಕೊಬ್ಬಿನವರೆಗೆ ಒಂದು ತಿರುವು, ಒಂದೆರಡು ಹೊಲಿಗೆ. ತಲೆಯ ರಕ್ತನಾಳಗಳು ಬಿಗಿ ಪದರದಲ್ಲಿ ಸಿಕ್ಕಿಕೊಂಡಿರುವುದರಿಂದ ಕತ್ತರಿಸಿದಾಗ ಬೇರೆಡೆಯಂತೆ ಒಳಕ್ಕೆ ಮುದುಡುವುದಿಲ್ಲ. ರಕ್ತ ಜಾಸ್ತಿ ಅನಿಸುತ್ತದೆ, ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿದರೆ ನಿಲ್ಲುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗಿ ನಿಲ್ಲಿಸಬೇಡಿ. ಹೊಲಿಗೆ ಬಿಚ್ಚುವುದು 7ರಿಂದ 10 ದಿನಕ್ಕೆ.

ತುಣುಕನ್ನು ಎಲ್ಲಿಂದ ತೆಗೆಯುತ್ತಾರೆ ಎಂಬುದು ಮುಖ್ಯ. ಹುಣ್ಣಿನ ನಡುವಿನಿಂದ ತೆಗೆದರೆ ಸತ್ತ ಕೋಶಗಳು ಮಾತ್ರ ಸಿಗುತ್ತವೆ, ವರದಿ ‘ಏನೂ ಇಲ್ಲ’ ಎಂದು ಬರುತ್ತದೆ. ಅಂಚಿನಿಂದ, ಸುಟ್ಟ ಕಲೆಯ ಹುಣ್ಣಾದರೆ ಎರಡು ಮೂರು ಕಡೆಯಿಂದ ಬೇಕು. ಮೆಲನೋಮದ ಅನುಮಾನವಿದ್ದರೆ ಮೇಲಿಂದ ಹೆರೆಯುವುದು ಬೇಡ. ಸುತ್ತ 1ರಿಂದ 3 ಮಿ.ಮೀ. ಬಿಟ್ಟು ಇಡಿಯಾಗಿ ತೆಗೆಯಬೇಕು. ಎಷ್ಟು ಮಿಲಿಮೀಟರ್ ಆಳಕ್ಕಿಳಿದಿದೆ ಎಂಬುದರ ಮೇಲೆಯೇ ಮುಂದಿನ ಚಿಕಿತ್ಸೆ, ಹೆರೆದರೆ ಆ ಅಳತೆ ಹಾಳು. ಸೂಜಿ ಪರೀಕ್ಷೆ ಕುತ್ತಿಗೆಯ ಗ್ರಂಥಿಗೆ ಒಳ್ಳೆಯದು, ಚರ್ಮದ ಹುಣ್ಣಿಗೆ ಅಷ್ಟಕ್ಕಷ್ಟೆ.

ತುಣುಕು ಹೋಗಬೇಕಾದ್ದು ಅದನ್ನು ಕೆಡದಂತೆ ಇಡುವ ಶೇ 10ರ ಫಾರ್ಮಲಿನ್‌ಗೆ, ತುಣುಕಿನ ಕನಿಷ್ಠ ಹತ್ತು ಪಟ್ಟು ದ್ರವ ಇರುವ ಬಾಟಲಿಯಲ್ಲಿ. ಸಣ್ಣ ಊರುಗಳಲ್ಲಿ ರೋಗಿಯ ಕೈಗೇ ಬಾಟಲಿ ಕೊಟ್ಟು ಲ್ಯಾಬಿಗೆ ಕಳುಹಿಸುವುದುಂಟು. ಆಗ ನೋಡಿಕೊಳ್ಳಿ: ದ್ರವ ಸಲೈನ್ (ಉಪ್ಪುನೀರು) ಅಲ್ಲ ತಾನೆ? ಸಲೈನಿನಲ್ಲಿ ನಮ್ಮ ಸೆಕೆಗೆ ತುಣುಕು ಕೊಳೆಯುತ್ತದೆ. ಹೆಸರು, ತಲೆಯ ಯಾವ ಭಾಗ ಎಂದು ಮುಚ್ಚಳದ ಮೇಲಲ್ಲ, ಬಾಟಲಿಯ ಮೈಮೇಲೆ ಬರೆದಿರಬೇಕು, ಮುಚ್ಚಳ ಅದಲುಬದಲಾಗುತ್ತದೆ. ‘ಇದು ಬರೀ ಸಿಸ್ಟ್, ಕಳುಹಿಸುವುದು ಬೇಡ’ ಅಂದರೂ ಕಳುಹಿಸಿ ಎಂದು ಕೇಳಿ. ಆ ಖರ್ಚು ದಂಡವಲ್ಲ.

ವರದಿ ಬಂದಾಗ ಹೆಸರಿನ ಜೊತೆ ಅಂಚಿನ ಸಾಲನ್ನೂ ಓದಿ. ಅಂಚಿನಲ್ಲಿ ಕ್ಯಾನ್ಸರ್ ಕೋಶ ಉಳಿದಿದ್ದರೆ ಇನ್ನೊಮ್ಮೆ ತೆಗೆಯಬೇಕು. ಕಡಿಮೆ ಅಪಾಯದ ಬೇಸಲ್ ಸೆಲ್‌ಗೆ ಸುತ್ತ 4 ಮಿ.ಮೀ., ಸ್ಕ್ವೇಮಸ್‌ಗೆ 4ರಿಂದ 6 ಮಿ.ಮೀ. ಸರಿಯಾದ ಚರ್ಮ ಸೇರಿಸಿ ತೆಗೆಯುವುದು ವಾಡಿಕೆ. ನರದ ಸುತ್ತ ಹಬ್ಬಿದೆ, 6 ಮಿ.ಮೀ.ಗಿಂತ ಆಳ ಎಂದು ಬರೆದಿದ್ದರೆ ದೊಡ್ಡ ಆಸ್ಪತ್ರೆಯ ಕೆಲಸ.

ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ರಕ್ಷಣೆ ಇದೆ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ರೆಫರಲ್ ಚೀಟಿ ಇಟ್ಟುಕೊಂಡೇ ಹೊರಡಿ. ಬೆಂಗಳೂರಿನ ಕಿದ್ವಾಯಿಗೆ ಹೋದರೂ ಬೇರೆ ಕ್ಯಾನ್ಸರ್ ಆಸ್ಪತ್ರೆಗೆ ಹೋದರೂ ಅಲ್ಲಿನ ರೋಗಶಾಸ್ತ್ರಜ್ಞರು ಹೊರಗಿನ ವರದಿಯ ಹಾಳೆಯನ್ನಷ್ಟೇ ನಂಬಿ ಮುಂದುವರಿಯುವುದಿಲ್ಲ, ಮತ್ತೆ ತಾವೇ ನೋಡುತ್ತಾರೆ. ಅದಕ್ಕೆ ಗಾಜಿನ ಸ್ಲೈಡ್ ಮತ್ತು ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಎರಡೂ ಬೇಕು. ಬಯಾಪ್ಸಿ ಮಾಡಿದ ಲ್ಯಾಬಿನಲ್ಲಿ ಸಹಿ ಹಾಕಿ ಕೇಳಿದರೆ ಕೊಡುತ್ತಾರೆ. ಬ್ಲಾಕನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ, ಮೇಣ ಕರಗುತ್ತದೆ.